ಮಲಗೋ ಸೈಕಲ್ಲಿನ ಸರ್ವೆ ಸಾರ್

ಜಗಳದ ಹೊಲಕ್ಕೆ ಅಳತೆಗೆ ಹೋದಾಗ ಅವರು ಮೊದಲು ಎರಡೂ ಕಡೆಯವರ ಮನೆಯ ನೀರು ಕುಡಿಯುತ್ತಿದ್ದರು. ಒಬ್ಬರು ಎಳನೀರು ಕೊಚ್ಚಿಕೊಂಡು ಬಂದರೆ ಬೇಡ, ಇನ್ನೊಬ್ಬರು ಕಾಫಿ ಎಂದರೂ ಬೇಡ. ನೀರು ಮಾತ್ರ, ಇಬ್ಬರದೂ ಒಂದೊಂದು ಚೊಂಬು. ಆಮೇಲೆ ಹೊಂಗೆಯ ನೆರಳಿನಲ್ಲಿ ಕುಳಿತು ಹಳೆಯ ನಕ್ಷೆಯನ್ನು ತೊಡೆಯ ಮೇಲೆ ಬಿಡಿಸಿ, “ಈಗ ಇಬ್ರೂ ಬಾಯಿ ಮುಚ್ಕಂಡು ಕುಂತ್ಕಳ್ರಿ. ಕಲ್ಲು ಏನು ಹೇಳ್ತಾವೋ ಕೇಳಾಣ,” ಎನ್ನುತ್ತಿದ್ದರು. ಅವರು ಹೇಳುತ್ತಿದ್ದ ಕಲ್ಲು ಎಂದರೆ ಹೊಲದ ಮೂಲೆಗಳಲ್ಲಿ ಹೂತಿರುವ ಗಡಿಕಲ್ಲು. ಅರ್ಧ ಮಣ್ಣಲ್ಲಿ ಮುಳುಗಿ, ಮೇಲೆ ಮುಳ್ಳುಕಂಟಿ ಬೆಳೆದ ಕಲ್ಲುಗಳನ್ನು ಅವರು ಹುಡುಕಿ ತೆಗೆಯುತ್ತಿದ್ದ ರೀತಿ ನೋಡಿದರೆ ತಾವೇ ಹೂತಿಟ್ಟಿದ್ದರೇನೋ ಅನ್ನಿಸುತ್ತಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆಯಬೇಡಿ ಎಂದು ಅವರ ಮಗಳು ಕೇಳಿಕೊಂಡಿದ್ದಾಳೆ. ನಾವಿಬ್ಬರೂ ಯಾವ ತಾಲ್ಲೂಕಿನ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೆವು ಎಂಬುದನ್ನೂ ಬಿಟ್ಟು, ಊರುಗಳ ಹೆಸರನ್ನು ಬದಲಿಸಿದ್ದೇನೆ. ಅವರು ತೀರಿಕೊಂಡು ಎಂಟು ತಿಂಗಳಾಯಿತು. ಅವರ ವಿಷಯದಲ್ಲಿ ಜನ ಈಗಲೂ ಎರಡು ಮಾತು ಆಡುತ್ತಾರೆ. ಕುಡಿದು ಹಾಳಾದ ಸರ್ವೆಯರ್ ಎಂಬುದು ಒಂದು. ಪಾಪ, ಕಾಯಿಲೆಯ ಮನುಷ್ಯ ಎಂಬುದು ಇನ್ನೊಂದು. ಮೊದಲನೆಯ ಮಾತು ಹುಟ್ಟಿಕೊಂಡಿದ್ದರಲ್ಲಿ ನನ್ನ ಪಾಲೂ ಇದೆ.

ಅವರು ಮತ್ತೋಡಿನ ಆಚೆಯ ಒಂದು ಹಟ್ಟಿಯವರು. ಕುರಿ ಸಾಕುವ ಮನೆ. ಆ ಮನೆಯಲ್ಲಿ ಹತ್ತನೆಯ ತರಗತಿ ದಾಟಿದ ಮೊದಲಿಗರು. ನಾನು ಇಲಾಖೆಗೆ ಸೇರಿದಾಗ ಅವರಿಗೆ ನಲವತ್ತರ ಹತ್ತಿರ, ನನಗೆ ಇಪ್ಪತ್ತೈದು. ನನ್ನನ್ನು ಆರು ತಿಂಗಳು ಅವರ ಜೊತೆ ತರಬೇತಿಗೆ ಹಾಕಿದ್ದರು. ದಿಬ್ಬದ ಮೇಲೆ ನಿಂತು ಒಮ್ಮೆ ಕಣ್ಣಾಡಿಸಿ, “ಮೂರು ಎಕ್ರೆ ಹದ್ನಾಲ್ಕು ಗುಂಟೆ” ಎಂದುಬಿಡುತ್ತಿದ್ದರು. ಅಳೆದು ನೋಡಿದರೆ ಒಂದೆರಡು ಗುಂಟೆ ಆಚೆ ಈಚೆ. ಹೇಗೆ ಸಾರ್ ಎಂದು ಕೇಳಿದ್ದಕ್ಕೆ, “ಕುರಿ ದೊಡ್ಡಿಗೆ ಹೋಗೋವಾಗ ಒಂದೊಂದೇ ಎಣಿಸ್ತಾರೇನೋ? ಮಂದೆ ನೋಡಿದ್ರೇನೆ ಗೊತ್ತಾಕ್ಕತೆ,” ಎಂದಿದ್ದರು. ಊಟದ ಡಬ್ಬಿಯಲ್ಲಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಬೀಡಿ, ಸಿಗರೇಟು, ಎಲೆಅಡಿಕೆ ಯಾವುದೂ ಇಲ್ಲ. ಹೊಲದವರು ಸಂಜೆ ಪಾರ್ಟಿ ಎಂದು ಕರೆದರೆ ನನ್ನ ಕಡೆ ತಿರುಗಿ, “ಹೋಗಾಣ ನಡಿ, ಬಸ್ಸು ತಪ್ಪುತ್ತೆ” ಎಂದು ಎದ್ದುಬಿಡುತ್ತಿದ್ದರು.

ಮೊದಲ ಸಲ ಅವರು ಬಿದ್ದಿದ್ದನ್ನು ನಾನು ನೋಡಿದ್ದು ಮಾಡದಕೆರೆ ಕಡೆಯ ಒಂದು ರಾಗಿ ಹೊಲದಲ್ಲಿ. ಬದುವಿನ ಮೇಲೆ ನನ್ನ ಮುಂದೆ ಹೋಗುತ್ತಿದ್ದವರು ಏನೂ ಎಡವದೆ ಪಕ್ಕಕ್ಕೆ ವಾಲಿ ತೆನೆಗಳ ಮೇಲೆ ಬಿದ್ದರು. ಕೈ ಕೊಟ್ಟು ಎಬ್ಬಿಸಿದೆ. “ಬಿಸ್ಲು ಕಣೋ,” ಎಂದರು. ಮುಖದಲ್ಲಿ ಮಾತ್ರ ಬಿಸಿಲಿಗೆ ಸೋತವರ ದಣಿವಿರಲಿಲ್ಲ. ಹಳೆಯ ಪರಿಚಯದವರೊಬ್ಬರು ಮನೆ ಬಾಗಿಲಿಗೆ ಬಂದದ್ದನ್ನು ಕಂಡವರಂತೆ ಸುಮ್ಮನೆ ನಿಂತಿದ್ದರು. ಅದರ ಅರ್ಥ ನನಗೆ ತಿಳಿದದ್ದು ಬಹಳ ವರ್ಷಗಳ ನಂತರ.

ಅಲ್ಲಿಂದಾಚೆ ಎರಡು ಮೂರು ವರ್ಷಗಳಲ್ಲಿ ಅವರ ನಡಿಗೆ ಕೆಟ್ಟಿತು. ಕಾಲುಗಳನ್ನು ಅಗಲಿಸಿ ಇಡುತ್ತಿದ್ದರು. ತಿರುಗುವಾಗ ಗೋಡೆ ಹಿಡಿಯುತ್ತಿದ್ದರು. ಮಾತು ಎಳೆಎಳೆಯಾಯಿತು, ಒಂದೊಂದು ಅಕ್ಷರವನ್ನೂ ನೂಕಿ ಹೊರಗೆ ಹಾಕಿದ ಹಾಗೆ. ಮುತ್ತಿನಂತಿದ್ದ ಅಂಕಿಗಳು ನಕ್ಷೆಯ ಗೆರೆಗಳನ್ನು ದಾಟಿ ಹರಡತೊಡಗಿದವು. ಹನ್ನೊಂದು ಗಂಟೆಯ ಹೊತ್ತಿಗೆ ತೂರಾಡುತ್ತ, ತೊದಲುತ್ತ ಬರುವ ಸರ್ಕಾರಿ ನೌಕರನನ್ನು ನೋಡಿ ಊರವರು ಬೇರೆ ಏನನ್ನು ತಿಳಿಯುತ್ತಾರೆ? ಅಳತೆಯಲ್ಲಿ ಸೋತ ಜಮೀನಿನವನೊಬ್ಬ, ಸರ್ವೆಯರ್ ಕುಡಿದು ಬಂದು ತಪ್ಪು ಅಳತೆ ಮಾಡಿದ್ದಾರೆ ಎಂದು ಮೇಲಕ್ಕೆ ಅರ್ಜಿ ಹಾಕಿದ. ಆ ಅಳತೆಗೆ ನಾನೂ ಹೋಗಿದ್ದೆ. ಅದರಲ್ಲಿ ತಪ್ಪೇನೂ ಇರಲಿಲ್ಲ.

ವಿಚಾರಣೆಗೆ ಹೊರಗಿನಿಂದ ಒಬ್ಬ ಅಧಿಕಾರಿ ಬಂದರು. ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ಒಳಗೆ ಕರೆದು ಕೇಳಿದರು. ನನ್ನ ಸರದಿ ಬಂದಾಗ, “ಅವರು ಕುಡಿದಿದ್ದನ್ನು ನೀವು ನೋಡಿದ್ದೀರಾ?” ಎಂದರು.

ನಾನು ನೋಡಿರಲಿಲ್ಲ. ಅವರ ಹತ್ತಿರ ಒಂದು ದಿನವೂ ಆ ವಾಸನೆ ಬಂದಿರಲಿಲ್ಲ. ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು, “ಕುಡಿದವರ ಹಾಗೆ ಕಾಣುತ್ತಿದ್ದರು ಸಾರ್,” ಎಂದೆ. ಬರೆದುಕೊಳ್ಳುತ್ತಿದ್ದ ಗುಮಾಸ್ತರು ಅದನ್ನು ಕಚೇರಿಯ ಕನ್ನಡಕ್ಕೆ ತಿರುಗಿಸಿದರು. ಓದಿ ಹೇಳಿದಾಗ ಅದು ನಾನು ಹೇಳಿದ್ದಕ್ಕಿಂತ ಗಟ್ಟಿಯಾಗಿತ್ತು. ರುಜು ಮಾಡಿದೆ. ಯಾಕೆ ಹಾಗೆ ಹೇಳಿದೆ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಭಯ ಇತ್ತು. ಜೊತೆಗೆ ಇನ್ನೊಂದು ಇತ್ತು: ಅವರು ಹೋದರೆ ಅವರ ಹೋಬಳಿ ನನಗೆ ಬರುವುದಿತ್ತು. ಬಂದಿತು ಕೂಡ.

ತಮ್ಮ ಸರದಿಯಲ್ಲಿ ಅವರು ಹೇಳಿದ್ದು ಒಂದೇ ಮಾತಂತೆ. “ಹೇಳೋದು ಏನಿಲ್ಲ ಸಾರ್.” ತಾವು ಕುಡಿಯುವವರಲ್ಲ ಎನ್ನಲಿಲ್ಲ. ಮೈ ಸರಿಯಿಲ್ಲ, ಡಾಕ್ಟರಿಗೆ ತೋರಿಸಿ ಎನ್ನಲಿಲ್ಲ. ಅವರು ಹಾಗೆ ಸುಮ್ಮನಿದ್ದದ್ದನ್ನು ಕಂಡು ನಮಗೆಲ್ಲ, ಹೌದಿರಬೇಕು ಅನ್ನಿಸಿತು. ನನಗೂ ಅನ್ನಿಸಿತು; ಹಾಗೆ ಅನ್ನಿಸಿದ್ದರಿಂದ ನೆಮ್ಮದಿಯೂ ಆಯಿತು.

ಬಡ್ತಿ ನಿಂತಿತು. ಅವರನ್ನು ಹಳೆಯ ಕಾಗದಗಳ ಕೋಣೆಗೆ ಹಾಕಿದರು. ಎಲ್ಲರಿಗಿಂತ ಮೊದಲು ಬಂದು ಕುಳಿತುಬಿಡುತ್ತಿದ್ದರು, ಎಲ್ಲರೂ ಹೋದಮೇಲೆ ಏಳುತ್ತಿದ್ದರು. ತಾವು ನಡೆಯುವುದನ್ನು ಯಾರೂ ನೋಡದಿರಲಿ ಎಂದು. ಆ ಕೋಣೆಯಲ್ಲಿ ಧೂಳಿಗೆ ಸೀನುತ್ತ ಅವರು ಎರಡು ವರ್ಷ ಕಳೆದರು. ನಾನು ಹಳೆಯ ನಕ್ಷೆ ಬೇಕಾದಾಗ ಹೋಗುತ್ತಿದ್ದೆ. ಕೇಳಿದ ಕಟ್ಟನ್ನು ತೆಗೆದುಕೊಡುತ್ತಿದ್ದರು. “ಏನಪ್ಪ, ಹೆಂಗಿದೀಯ” ಎನ್ನುವುದನ್ನು ಮಾತ್ರ ಬಿಟ್ಟಿದ್ದರು.

ಆ ನಡುವೆ ಅವರ ಒಬ್ಬಳೇ ಮಗಳಿಗೆ ಮದುವೆಯಾಯಿತು. ಹಿರಿಯೂರಿನ ಹುಡುಗ, ಔಷಧದ ಅಂಗಡಿ. ಧಾರೆಯ ಹೊತ್ತಿನಲ್ಲಿ ಬಿಟ್ಟರೆ ಅವರು ಇಡೀ ದಿನ ಕುರ್ಚಿಯಿಂದ ಏಳಲಿಲ್ಲ. ಧಾರೆ ಎರೆಯುವಾಗ ಕೈಯಲ್ಲಿದ್ದ ತಂಬಿಗೆ ನಡುಗಿ ನೀರು ಚೆಲ್ಲಿತು. ನನ್ನ ಪಂಕ್ತಿಯಲ್ಲಿ ಕುಳಿತಿದ್ದ ಯಾರೋ, “ಮಗಳ ಮದ್ವೆ ದಿನಾನೂ ಬಿಡ್ಲಿಲ್ಲ ನೋಡ್ರಿ,” ಎಂದರು. ನಾನು ತಲೆ ತಗ್ಗಿಸಿ ಊಟ ಮಾಡಿದೆ.

ಮದುವೆಯಾಗಿ ನಾಲ್ಕು ತಿಂಗಳಿಗೆ ಅವರು ಹೆಂಡತಿಯನ್ನು ಕರೆದುಕೊಂಡು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋಗಿ ಬಂದರು. ಮೆದುಳಿನ ಹಿಂಭಾಗದಲ್ಲಿ, ಮೈಯ ಸಮತೋಲ ನೋಡಿಕೊಳ್ಳುವ ಚಿಕ್ಕ ಮೆದುಳು ಎಂಬುದೊಂದು ಇರುತ್ತದಂತೆ. ಅದು ವರ್ಷದಿಂದ ವರ್ಷಕ್ಕೆ ಸವೆಯುವ ಕಾಯಿಲೆ. ಔಷಧಿ ಇಲ್ಲ. ವರದಿಯ ಒಂದು ಪ್ರತಿಯನ್ನು ಕಚೇರಿಗೆ ಕೊಟ್ಟು, ಸ್ವಯಂ ನಿವೃತ್ತಿಗೆ ಬರೆದುಕೊಟ್ಟರು. ಆ ಕಾಗದ ಮೇಜಿನಿಂದ ಮೇಜಿಗೆ ಹೋಯಿತು. ಓದಿದವರೆಲ್ಲ “ಅಯ್ಯೋ ಪಾಪ” ಎಂದರು. ನಾನು ಓದಿ ಮುಗಿಸಿ ಹೊರಗೆ ಬೇವಿನ ಮರದ ಕೆಳಗೆ ಬಹಳ ಹೊತ್ತು ನಿಂತಿದ್ದೆ. ಅವರ ಮನೆಗೆ ಹೋಗುವ ಧೈರ್ಯ ಆಗಲಿಲ್ಲ.

ಸೈಕಲ್ಲು ಬಂದದ್ದು ಅದಾದ ಮೇಲೆ. ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವ ಹುಡುಗಿ ಫೋನಿನಲ್ಲಿ ಒಂದು ಚಿತ್ರ ತೋರಿಸಿದ್ದಳಂತೆ: ಮುಂದೆ ಎರಡು ಗಾಲಿ, ಹಿಂದೆ ಒಂದು, ನೆಲದಿಂದ ಒಂದು ಮೊಳ ಎತ್ತರದಲ್ಲಿ ಬೆನ್ನು ಒರಗಿಸಿ ಕೂರುವ ಸೀಟು, ಪೆಡಲು ಕಾಲ ಕೆಳಗಲ್ಲ, ಎದುರಿಗೆ. ಅದರ ಮೇಲಿಂದ ಬೀಳುವುದೇ ಕಷ್ಟ. ಇವರು ಹೊಳಲ್ಕೆರೆಯ ತಮ್ಮ ಮನೆಯಲ್ಲಿ ಕುಳಿತು ಗ್ರಾಫ್ ಹಾಳೆಯ ಮೇಲೆ ಅದರ ನಕ್ಷೆ ತೆಗೆದರು. ಅಕ್ಕ, ಎಂದರೆ ಅವರ ಹೆಂಡತಿ, ಸ್ಕೇಲು ಹಿಡಿದಿದ್ದರು. ಒಂದು ನಕ್ಷೆಗೆ ಹದಿನೈದು ದಿನ ಹಿಡಿಯಿತು. ಚಿತ್ರದುರ್ಗದಲ್ಲಿ ಕಿಟಕಿ ಗ್ರಿಲ್ಲು ಮಾಡುವ ಒಬ್ಬ ವೆಲ್ಡಿಂಗ್‌ನವನು ಅದನ್ನು ನೋಡಿ, “ಇಷ್ಟು ಕರೆಕ್ಟಾಗಿ ಇಂಜಿನಿಯರೂ ಬರ್ಕೊಡಲ್ಲ ಸಾರ್,” ಎಂದನಂತೆ. ಮೂರು ಸಲ ಬಿಚ್ಚಿ, ಮೂರು ಸಲ ಕಟ್ಟಿ ಗಾಡಿ ಆಯಿತು. ಸೀಟಿಗೆ ಅಕ್ಕ ಮಂಚದ ನವಾರ ಹೆಣೆದರು. ಸೊಂಟದ ಎರಡು ಪಕ್ಕಕ್ಕೂ ಒಂದೊಂದು ಹಿಡಿ. ಕಾಲು ಜಾರದಂತೆ ಪೆಡಲಿಗೆ ಹಳೆಯ ಬ್ಯಾಗಿನ ಬೆಲ್ಟು. ನೋಡಿದವರೆಲ್ಲ ಅದಕ್ಕೆ ಮಲಗೋ ಸೈಕಲ್ಲು ಎಂದೇ ಹೆಸರಿಟ್ಟರು.

ಊರಿನ ರಸ್ತೆಗೆ ಅದು ಆಗುವುದಿಲ್ಲ. ಲಾರಿಯವನ ಕಣ್ಣಿಗೇ ಬೀಳುವುದಿಲ್ಲ. ಆದರೆ ಕೆರೆ ಏರಿಯ ಮೇಲೆ ಆಗಷ್ಟೇ ಸಿಮೆಂಟಿನ ಟೈಲ್ಸ್ ಹಾಸಿ, ಅಲ್ಲಲ್ಲಿ ಕಲ್ಲುಬೆಂಚು ಹಾಕಿ, ಜನ ಬೆಳಗ್ಗೆ ಸಂಜೆ ನಡೆಯಲಿ ಎಂದು ದಾರಿ ಮಾಡಿದ್ದರು. ಮೊದಲ ದಿನ ಗೇಟಿನ ಕಾವಲುಗಾರ ಅಡ್ಡ ನಿಂತ.

“ಗಾಡಿ ಬಿಡಂಗಿಲ್ಲ ಸಾರ್. ಬೋರ್ಡು ಐತೆ.”

“ಬೋರ್ಡು ಓದಪ್ಪ.”

“ಮೋಟಾರು ವಾಹನ ನಿಷೇಧ.”

“ಇದ್ರಾಗೆ ಮೋಟಾರ್ ಎಲ್ಲೈತೆ, ತೋರ್ಸು.”

ಕಾವಲುಗಾರ ಬಗ್ಗಿ ಸುತ್ತ ನೋಡಿದ. ಇರಲಿಲ್ಲ. ಬಿಟ್ಟ. ಇದನ್ನು ನನಗೆ ಹೇಳಿದವನು ಅವನೇ.

ನಾನೂ ಆ ದಾರಿಗೆ ಬೆಳಗಿನ ನಡಿಗೆಗೆ ಹೋಗುತ್ತಿದ್ದೆ. ಮೊದಲೆರಡು ದಿನ ದೂರದಿಂದ ಅವರನ್ನು ಕಂಡು ತಿರುಗಿ ಬಂದೆ. ಮೂರನೆಯ ದಿನ ಗೇಟಿನ ಹತ್ತಿರವೇ ಸಿಕ್ಕಿಬಿಟ್ಟೆ. ಬೈಕು ನುಗ್ಗದಂತೆ ಅಲ್ಲಿ ಅಡ್ಡಡ್ಡ ಕಂಬಿ ಹಾಕಿದ್ದರು. ಅವರ ಗಾಡಿಯನ್ನು ಮೇಲೆತ್ತಿ ದಾಟಿಸಬೇಕಿತ್ತು. “ಲೇ, ಆ ಕಡೆ ಹಿಡಿ,” ಎಂದರು. ಹಿಡಿದೆ. ಕಾವಲುಗಾರ ಈ ಕಡೆ, ನಾನು ಆ ಕಡೆ. ಅಂದಿನಿಂದ ದಿನವೂ ಆರು ಗಂಟೆಗೆ ಗಾಡಿ ಎತ್ತುವುದು ನನ್ನ ಕೆಲಸವಾಯಿತು. ನಾನಾಗಿ ಕೇಳಲಿಲ್ಲ, ಅವರಾಗಿ ಹೇಳಲಿಲ್ಲ.

ನಿಂತರೆ ಗಾಳಿಗೆ ಸಿಕ್ಕ ಬೇಲಿಯ ಗೂಟದಂತೆ ವಾಲಾಡುತ್ತಿದ್ದ ಮನುಷ್ಯ, ಆ ಸೀಟಿಗೆ ಬೆನ್ನು ಕೊಟ್ಟರೆ ನೆಟ್ಟಗಾಗುತ್ತಿದ್ದರು. ಟೈಲ್ಸಿನ ಎರಡು ಸಾಲುಗಳ ನಡುವಿನ ಸಂದಿನ ಮೇಲೇ ಹಿಂಗಾಲಿ ಬಿಟ್ಟುಕೊಂಡು, ಕೂದಲೆಳೆಯಷ್ಟೂ ಆಚೀಚೆ ಆಗದೆ ತೂಬಿನ ತನಕ ಹೋಗುತ್ತಿದ್ದರು. ನಾನು ಪಕ್ಕದಲ್ಲಿ ಬಿರುಸಾಗಿ ನಡೆಯಬೇಕಿತ್ತು. ಕೋಡಿಯ ಕಡೆ ದಾರಿ ಸ್ವಲ್ಪ ಇಳಿಜಾರು. ಅಲ್ಲಿ ಅವರು ಪೆಡಲು ನಿಲ್ಲಿಸಿ ಗಾಡಿಯನ್ನು ಬಿಟ್ಟುಬಿಡುತ್ತಿದ್ದರು. ಶರಟು ಗಾಳಿಗೆ ಉಬ್ಬುತ್ತಿತ್ತು. ಕೆಳಗೆ ಹೋಗಿ ನಿಂತಾಗ ಮುಖದಲ್ಲಿ ನಗು ಇರುತ್ತಿರಲಿಲ್ಲ. ಬಾಯಿ ಅರ್ಧ ತೆರೆದು, ಎಲ್ಲಿಂದಲೋ ಬಂದಿಳಿದವರಂತೆ ಸುತ್ತ ನೋಡುತ್ತಿದ್ದರು. “ಇನ್ನೊಂದ್ಸಲ ಹತ್ಸು,” ಎನ್ನುತ್ತಿದ್ದರು.

ಅಷ್ಟು ಕೆಳಗಿನಿಂದ ಅವರಿಗೆ ಕಾಣುತ್ತಿದ್ದದ್ದೇ ಬೇರೆ. ಬೀದಿನಾಯಿಗಳು ಅವರಿಗೆ ಮುಖಾಮುಖಿ. ಒಂದು ದಿನ ಲಾಂಟಾನ ಪೊದೆಯ ಬುಡಕ್ಕೆ ಬೆರಳು ತೋರಿಸಿ ನಿಂತರು. ಕೊಂಬೆ ಸರಿಸಿ ನೋಡಿದರೆ ಕೆರೆಯ ಗಡಿಕಲ್ಲು. ನಾನು ವರ್ಷಾನುಗಟ್ಟಲೆ ಅದರ ಪಕ್ಕದಲ್ಲೇ ಓಡಾಡಿದ್ದೆ. “ನಿಂತೋರಿಗೆ ಇದು ಕಾಣಲ್ಲ ಬಿಡು,” ಎಂದು ಮುಂದೆ ಹೋದರು.

ದಿನವೂ ಅಲ್ಲಿ ನಡೆಯಲು ಬರುವ ನಿವೃತ್ತರ ಒಂದು ಗುಂಪಿತ್ತು. ಹಿಂದೆ ಅವರನ್ನು ಕುಡುಕ ಎಂದವರೇ ಈಗ ನಿಂತು ನಮಸ್ಕಾರ ಹೇಳುತ್ತಿದ್ದರು. ಒಬ್ಬರಂತೂ ಗಾಡಿಯ ಹತ್ತಿರ ಬಗ್ಗಿ, “ತಪ್ಪು ತಿಳ್ಕಂಡಿದ್ವಿ ಸಾರ್, ಮನಸಿಗೆ ಹಚ್ಕಬ್ಯಾಡ್ರಿ,” ಎಂದರು. ಇವರು “ಇರ್ಲಿ ಬಿಡ್ರಿ” ಎಂದರು. ಆ ಗುಂಪಿನವರು ಹೋದಮೇಲೆ ನನಗೆ ತಡೆಯಲಾಗಲಿಲ್ಲ. ತೂಬಿನ ಹತ್ತಿರ ಗಾಡಿ ನಿಲ್ಲಿಸಿದಾಗ, ವಿಚಾರಣೆಯಲ್ಲಿ ನಾನು ಹೇಳಿದ್ದನ್ನು ಹೇಳಿಬಿಟ್ಟೆ.

ಅವರು ನೀರಿನ ಕಡೆ ನೋಡುತ್ತಿದ್ದರು. “ಗೊತ್ತು. ನಂಗೂ ಒಂದು ಕಾಪಿ ಕೊಟ್ಟಿದ್ರು.”

ಎರಡು ವರ್ಷ ಅದನ್ನು ತಿಳಿದೂ ನಕ್ಷೆಯ ಕಟ್ಟುಗಳನ್ನು ತೆಗೆದುಕೊಟ್ಟಿದ್ದರು. ಈಗ ಎರಡು ತಿಂಗಳಿಂದ ನನ್ನ ಕೈಯಲ್ಲಿ ಗಾಡಿ ಎತ್ತಿಸಿಕೊಂಡಿದ್ದರು. ಆಮೇಲೆ ನಿಧಾನವಾಗಿ, ತಡೆತಡೆದು, ಉಳಿದದ್ದನ್ನೂ ಹೇಳಿದರು.

ಅವರ ತಾಯಿಗೆ ಇದೇ ಆಗಿತ್ತು. ಕೊನೆಯ ಕಾಲಕ್ಕೆ ಹಟ್ಟಿಯಲ್ಲಿ ತೆವಳುತ್ತಿದ್ದರಂತೆ. ಜನ ಊರಮ್ಮನ ಶಾಪ ಎನ್ನುತ್ತಿದ್ದರು. ಆಮೇಲೆ ಅಣ್ಣನಿಗೆ. ಕುರಿಯ ಹಿಂದೆ ತೂರಾಡುತ್ತ ಹೋಗುತ್ತಿದ್ದವನನ್ನು ಊರೆಲ್ಲ ಕುಡುಕ ಎಂದಿತು. “ಅವ್ನು ಕುಡೀತಿರ್ಲಿಲ್ಲ ಕಣೋ. ಎಲ್ರೂ ಅಂದು ಅಂದು, ಹೆಂಗೂ ಅಂತಾರಲ್ಲ ಅಂತ ಶುರು ಮಾಡ್ದ. ಒಂದಿನ ಹಳ್ಳದಾಗೆ ಸಿಕ್ದ. ನಾನು ಹನಿ ಮುಟ್ಲಿಲ್ಲ. ಹೆಸ್ರು ಮಾತ್ರ ತಗಂಡೆ.”

“ಅವತ್ತು ಯಾಕೆ ಹೇಳ್ಲಿಲ್ಲ ಸಾರ್?”

“ಹೇಳಿದ್ರೆ ಆಸ್ಪತ್ರೆಗೆ ಕಳಿಸೋರು. ಅಲ್ಲಿ ಮನೇಲಿ ಇನ್ಯಾರಿಗೈತೆ ಅಂತ ಕೇಳೋರು. ಅದು ಕಾಗದದ ಮೇಲೆ ಬರೋದು. ಕುಡುಕನ ಮಗಳಿಗೆ ಗಂಡು ಸಿಗ್ತಾವೆ. ಈ ಕಾಯ್ಲೆ ಮನೆ ಮಗಳಿಗೆ ಸಿಗಲ್ಲ.” ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. “ನೀನು ಹೇಳಿದ್ದು ನಂಗೆ ಅನುಕೂಲಾನೇ ಆತು. ಅದಕ್ಕೆ ನಿನ್ನ ಉಪಕಾರ ಅಂತ ಏನಿಲ್ಲ. ನನ್ನ ಸಲುವಾಗಿ ಹೇಳ್ಲಿಲ್ಲ ನೀನು.”

ಈ ಕಾಯಿಲೆ ತಂದೆಗೋ ತಾಯಿಗೋ ಇದ್ದರೆ ಮಕ್ಕಳಿಗೆ ಬರಬಹುದು, ಬರದಿರಬಹುದು. ಎರಡಕ್ಕೂ ಸಮ ಅವಕಾಶ ಎಂದು ಬೆಂಗಳೂರಿನ ಡಾಕ್ಟರು ಅವರಿಗೆ ಹೇಳಿದ್ದರು. ರಕ್ತ ಪರೀಕ್ಷೆಯಿಂದ ಮೊದಲೇ ತಿಳಿಯಬಹುದಂತೆ.

“ಮಗಳಿಗೆ ಗೊತ್ತಾ ಸಾರ್?”

“ಇಲ್ಲ. ಅವ್ಳಿಗೆ ಮಗು ಆಗೋಕೆ ಮುಂಚೆ ಹೇಳ್ಬೇಕು.”

ಹೇಳಲಿಲ್ಲ. ಇವತ್ತು ನಾಳೆ ಎನ್ನುವುದರೊಳಗೆ ಅವಳು ಬಸುರಿ ಎಂದು ಹಿರಿಯೂರಿನಿಂದ ಫೋನು ಬಂತು. ಆ ದಿನ ಅವರು ದಾರಿಯ ಈ ತುದಿಯಿಂದ ಆ ತುದಿಗೆ ಐದು ಸಲ ಹೋಗಿ ಬಂದರು. ಸಾಕು ಸಾರ್ ಎಂದರೂ ಕೇಳಲಿಲ್ಲ. ಬೆಲ್ಟು ಕಟ್ಟಿದ ಕಡೆ ಪಾದದ ಚರ್ಮ ಕಿತ್ತುಬಂದಿತ್ತು.

ಹೆಣ್ಣುಮಗು ಹುಟ್ಟಿತು. ಮಗುವಿಗೆ ಐದು ತಿಂಗಳಾದಾಗ ಮಗಳು ಅದನ್ನು ಎತ್ತಿಕೊಂಡು ಒಂದು ಬೆಳಗ್ಗೆ ಅಪ್ಪನ ಜೊತೆ ಏರಿಗೆ ಬಂದಳು. ಮನೆಯಲ್ಲಿ ಅಕ್ಕನ ಎದುರಿಗೆ ಆಡಲಾಗದ ಮಾತನ್ನು ಅವರು ಇಲ್ಲಿ ಆಡಲು ತಂದಿದ್ದರು. ನನಗೆ ಗೊತ್ತಾಗಿ ಮುಂದೆ ಹೋಗಲು ನೋಡಿದೆ. “ನಿಲ್ಲೋ,” ಎಂದರು. ತಮ್ಮ ಮಾತು ಅವಳಿಗೆ ಅರ್ಥವಾಗದಿದ್ದರೆ ನಾನು ಹೇಳಲಿ ಎಂದಿರಬೇಕು. ಅಷ್ಟರ ಹೊತ್ತಿಗೆ ಅವರ ಮಾತು ನನಗೂ ಅಕ್ಕನಿಗೂ ಬಿಟ್ಟರೆ ಬೇರೆಯವರಿಗೆ ತಿಳಿಯುತ್ತಿರಲಿಲ್ಲ.

ಅವಳಿಗೆ ಅರ್ಥವಾಯಿತು. ಅಜ್ಜಿ, ದೊಡ್ಡಪ್ಪ, ಅಪ್ಪ, ಆಮೇಲೆ ತಾನು. ಮಗುವನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡಳು.

“ನನ್ನ ಮದ್ವೆಗೆ ಮುಂಚೆ ಗೊತ್ತಿತ್ತೇನಪ್ಪ ನಿಂಗೆ?”

“ಗೊತ್ತಿತ್ತು.”

“ಅವ್ವಂಗೆ?”

“ಗೊತ್ತಿತ್ತು.”

“ಈ ಅಂಕಲ್‌ಗೆ?”

“ಈಗೊಂದೂವರೆ ವರ್ಷದಿಂದ ಗೊತ್ತು,” ಎಂದು ನಾನೇ ಹೇಳಿದೆ.

“ಎಲ್ರಿಗೂ ಗೊತ್ತು,” ಎಂದಳು. ಧ್ವನಿ ಏರಿಸಲಿಲ್ಲ. “ಕುಡುಕನ ಮಗಳು ಅಂತ ಅತ್ತೆ ಮನೇಲಿ ಎಷ್ಟು ಮಾತು ಕೇಳೀನಿ ಗೊತ್ತೇನಪ್ಪ ನಿಂಗೆ? ಎಲ್ಲ ತಡ್ಕಂಡೆ. ಇದನ್ನ ಹೇಳಿದ್ರೆ ಮದ್ವೆ ಬ್ಯಾಡ ಅಂತಿದ್ದೆ. ಇವಳನ್ನಂತೂ ಹೆರ್ತಿರ್ಲಿಲ್ಲ.”

ಗೇಟಿನ ಕಡೆ ನಡೆದುಬಿಟ್ಟಳು. ಅವರು ಗಾಡಿ ತಿರುಗಿಸಿ ಅವಳ ಹಿಂದೆ ಹೋಗಲು ನೋಡಿದರು. ಆತುರಕ್ಕೆ ಒಂದು ಕಾಲು ಬೆಲ್ಟಿನಿಂದ ಕಳಚಿತು. ಗಾಡಿ ಅಡ್ಡಾದಿಡ್ಡಿ ಹೋಗಿ ಮುಂದಿನ ಗಾಲಿ ಟೈಲ್ಸಿನ ಅಂಚು ಇಳಿದು ಮಣ್ಣಿನಲ್ಲಿ ಹೂತುಕೊಂಡಿತು. ಸದ್ದಿಗೆ ಅವಳು ತಿರುಗಿ ನೋಡಿದಳು. ನಾನು ಒಬ್ಬನೇ ಎತ್ತಲಾರದೆ ಒದ್ದಾಡುತ್ತಿದ್ದೆ. ವಾಪಸು ಬಂದಳು. ಮಗುವನ್ನು ಸೊಂಟಕ್ಕೆ ಒತ್ತಿಕೊಂಡು ಇನ್ನೊಂದು ಕೈಯಲ್ಲಿ ಗಾಡಿಯನ್ನು ನನ್ನ ಜೊತೆ ಎತ್ತಿ ದಾರಿಗೆ ಹಾಕಿದಳು. ಬಗ್ಗಿ, ಅವರ ಕಾಲನ್ನು ಪೆಡಲಿನ ಮೇಲಿಟ್ಟು ಬೆಲ್ಟು ಬಿಗಿದಳು. ಮುಖ ನೋಡಲಿಲ್ಲ. ಆ ದಿನದ ಮೊದಲ ಬಸ್ಸಿಗೇ ಹಿರಿಯೂರಿಗೆ ಹೊರಟುಹೋದಳು.

ಗಂಡನಿಗೆ ಆ ದಿನವೇ ಎಲ್ಲವನ್ನೂ ಹೇಳಿದಳು ಎಂದು ಮುಂದೆ ತಿಳಿಯಿತು. ಅತ್ತೆಗೆ ಮಾತ್ರ ಇನ್ನೂ ಹೇಳಿಲ್ಲ. ನಾನು ಇಲ್ಲಿ ಹೆಸರು ಬರೆಯದಿರುವುದು ಅದಕ್ಕೇ.

ಆಮೇಲೆ ಏಳೆಂಟು ತಿಂಗಳು ಅವಳು ಈ ಕಡೆ ತಲೆ ಹಾಕಲಿಲ್ಲ. ಅವರು ಮಾತ್ರ ಒಂದು ದಿನವೂ ಏರಿಗೆ ಬರುವುದನ್ನು ತಪ್ಪಿಸಲಿಲ್ಲ. ಕಾಲಲ್ಲಿ ಬಲ ಹೋಗುತ್ತಿತ್ತು. ಮೊದಲು ಕೋಡಿಯ ಇಳಿಜಾರು ಬಿಟ್ಟರು, ಆಮೇಲೆ ತೂಬು ದಾಟುವುದನ್ನು ಬಿಟ್ಟರು. ಹಗ್ಗ ಕಟ್ಟಿ ಎಳೆದುಕೊಂಡು ಹೋಗುತ್ತೇನೆ ಎಂದೆ. ತಲೆ ಅಲ್ಲಾಡಿಸಿದರು. “ಬೇರೇರ ಕೈಲಿ ಹೋಗೋದು ಕೊನೇಗೆ ಹೆಂಗೂ ಐತೆ.” ಕೊನೆಯ ಸಲ ಬಂದ ದಿನ ಗೇಟಿನಿಂದ ಮೊದಲನೆಯ ಕಲ್ಲುಬೆಂಚಿಗೆ ಹೋಗಿ ಬರಲು ಬಿಸಿಲೇರಿತು. ಒಂದು ಸುತ್ತು ಪೆಡಲು, ವಿಶ್ರಾಂತಿ, ಮತ್ತೊಂದು ಸುತ್ತು. ನಡೆಯುವವರು ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು. ಮಾರನೆಯ ದಿನ ಆರು ಗಂಟೆಗೆ ಗೇಟಿನಲ್ಲಿ ನಾನು, ಕಾವಲುಗಾರ ಇಬ್ಬರೂ ಕಾದೆವು. ಅವರು ಬರಲಿಲ್ಲ.

ಹಾಸಿಗೆ ಹಿಡಿದಮೇಲೆ ನೀರು ಕೂಡ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಒಂದು ಗುಟುಕಿಗೆ ಹತ್ತು ನಿಮಿಷ ಕೆಮ್ಮು. ಆಗ ಮಗಳು ಮಗುವಿನ ಸಮೇತ ಬಂದಳು. ಅಕ್ಕ ಕರೆಸಿದ್ದಲ್ಲ, ತಾನಾಗಿ ಬಂದಿದ್ದು. ಎರಡು ತಿಂಗಳು ಇದ್ದಳು. ರಾಗಿಯ ಗಂಜಿಯನ್ನು ಗಟ್ಟಿಯಾಗಿ ಕಾಯಿಸಿ, ಅಪ್ಪನ ತಲೆಯನ್ನು ತೋಳಿಗೆ ಆನಿಸಿಕೊಂಡು ಚಮಚದಲ್ಲಿ ಕುಡಿಸುತ್ತಿದ್ದಳು. ಆ ವಿಷಯವನ್ನು ಅವರಿಬ್ಬರೂ ಮತ್ತೆ ಆಡಿದರೋ ಇಲ್ಲವೋ ನನಗೆ ತಿಳಿಯದು. ಒಂದು ಸಂಜೆ ನಾನು ಹೋದಾಗ ಅವರು ಏನನ್ನೋ ಹೇಳಲು ಹೆಣಗುತ್ತಿದ್ದರು. ಬರೀ ಸದ್ದು ಬರುತ್ತಿತ್ತು. ಅವಳು ಬಾಯಿ ಒರೆಸಿ, “ಸಾಕು ಬಿಡಪ್ಪ,” ಎಂದಳು. ಗಂಜಿ ಸಾಕೆಂದಳೋ, ಅವರು ಹೇಳಲು ಹೊರಟಿದ್ದು ಸಾಕೆಂದಳೋ. ಅವರು ಕಣ್ಣು ಮುಚ್ಚಿಕೊಂಡರು.

ಎದೆಯಲ್ಲಿ ಕಫ ಕಟ್ಟಿ ಒಂದು ಬೆಳ್ಳಂಬೆಳಗ್ಗೆ ಹೋದರು. ಹಟ್ಟಿಗೆ ಒಯ್ದು ಅಣ್ಣನ ಪಕ್ಕದಲ್ಲಿ ಮಣ್ಣು ಮಾಡಿದರು. ಕಚೇರಿಯಿಂದ ನಾವು ನಾಲ್ಕು ಜನ ಹೋಗಿದ್ದೆವು. ಹಟ್ಟಿಯ ಮುದುಕರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, “ಇವ್ನೂ ಕುಡೀತಿದ್ನಂತೆ, ಹೌದೇನಪ್ಪ?” ಎಂದರು. “ಇಲ್ಲ ಅಜ್ಜ. ನಾನು ಇಪ್ಪತ್ತು ವರ್ಷ ಜೊತೇಲಿದ್ದೆ. ಒಂದಿನಾನೂ ಕುಡೀಲಿಲ್ಲ,” ಎಂದೆ. ಆ ಮಾತನ್ನು ಬರೆದುಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.

ತಿಥಿ ಮುಗಿದ ಮೇಲೆ ಅಕ್ಕ ಆ ಗಾಡಿ ಕಣ್ಣೆದುರಿಗೆ ಬೇಡ, ಯಾರಿಗಾದರೂ ಕೊಟ್ಟುಬಿಡಪ್ಪ ಎಂದರು. ಮಗಳು ಬೇಡವೆಂದಳು. ಕಾರಣ ಹೇಳಲಿಲ್ಲ. ತಾನೇ ಸರಪಳಿಗೆ ಎಣ್ಣೆ ಬಿಟ್ಟು, ಟಾರ್ಪಾಲು ಹೊದಿಸಿ, ಹಿತ್ತಿಲಿನ ಶೀಟಿನ ಕೆಳಗೆ ನಿಲ್ಲಿಸಿದಳು.

ಅವಳು ಹಿರಿಯೂರಿಗೆ ಹೊರಟ ದಿನ ಬ್ಯಾಗು ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ತನಕ ಹೋದೆ. ಮಗು ಆಗಷ್ಟೇ ನಡೆಯಲು ಕಲಿತಿತ್ತು. ಬೆಂಚು ಹಿಡಿದು ಎರಡು ಹೆಜ್ಜೆ, ಧೊಪ್ಪೆಂದು ಕೂರುವುದು, ಮತ್ತೆ ಏಳುವುದು. ಎಲ್ಲ ಮಕ್ಕಳೂ ನಡೆಯುವ ಹಾಗೆಯೇ. ನಾವಿಬ್ಬರೂ ಅದನ್ನೇ ನೋಡುತ್ತಿದ್ದೆವು. ಕೇಳಬಾರದು ಎಂದುಕೊಂಡಿದ್ದನ್ನು ಕೇಳಿದೆ.

“ಟೆಸ್ಟು ಮಾಡಿಸ್ತೀಯೇನಮ್ಮ?”

“ಆಗ್ಲೇ ಮಾಡ್ಸೀನಿ,” ಎಂದಳು.

ಏನು ಬಂತೆಂದು ಹೇಳಲಿಲ್ಲ. ಚಿತ್ರದುರ್ಗದ ಮೇಲೆ ಹಿರಿಯೂರಿಗೆ ಹೋಗುವ ಬಸ್ಸು ಬಂದು ನಿಂತಿತು. ಮಗುವನ್ನು ಎತ್ತಿಕೊಂಡು, ಒಂದು ಕೈಯಲ್ಲಿ ಕಂಬಿ ಹಿಡಿದು, ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು. ಅಲ್ಲಿಯೇ ನಿಂತು ತಿರುಗಿದಳು.

“ನನ್ನ ಕಾಲು ನೋಡ್ಬ್ಯಾಡ್ರಿ ಅಂಕಲ್,” ಎಂದಳು. “ನಮ್ಮನೆಯೋರು ನೋಡ್ತಾರೆ, ಅವ್ವ ನೋಡ್ತಾಳೆ. ನೀವಾದ್ರೂ ನೋಡ್ಬ್ಯಾಡ್ರಿ.”

ನಾನು ಮುಖ ತಿರುಗಿಸಿ ಆಚೆ ಕಡೆಯ ಹಣ್ಣಿನ ಅಂಗಡಿಯನ್ನು ನೋಡುತ್ತ ನಿಂತೆ. ಕಂಡಕ್ಟರು ಬಾಗಿಲು ಎಳೆದುಕೊಂಡ ಸದ್ದು ಕೇಳಿಸಿತು. ಬಸ್ಸು ಸ್ಟ್ಯಾಂಡು ದಾಟಿ ಹೋಗುವವರೆಗೂ ನಾನು ಈ ಕಡೆ ತಿರುಗಲಿಲ್ಲ.